ಬೈಬಲನ್ನು ಮೆಲುಕು ಹಾಕುವ ಬಗೆ

ಮೈಸೂರು, ಮಂಡ್ಯ, ಶ್ರೀರಂಗಪಟ್ಟಣದ ಕಡೆಯ ಓದುಗರು ಬರೆದು ಕೇಳುವ ಪ್ರಶ್ನೆಗಳಲ್ಲಿ ಒಂದು ಮಾತ್ರ ವರ್ಷವಿಡೀ ನಿಲ್ಲುವುದೇ ಇಲ್ಲ. "ದಿನವೂ ಬೈಬಲ್ ಓದುತ್ತೇನೆ, ಜಪಸರ ತಪ್ಪಿಸುವುದಿಲ್ಲ, ಭಾನುವಾರದ ಬಲಿಪೂಜೆಗೂ ಹೋಗುತ್ತೇನೆ; ಆದರೂ ದೇವರು ನನ್ನನ್ನು ಪ್ರೀತಿಸುತ್ತಾರೆ ಎಂಬ ಮಾತು ಕಿವಿಗೆ ಬೀಳುತ್ತದೆಯೇ ಹೊರತು ಎದೆಗೆ ಇಳಿಯುವುದಿಲ್ಲ, ಏನು ಮಾಡಲಿ?" ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಬರೆದ ಉತ್ತರಗಳೆಲ್ಲ ಕೊನೆಗೆ ಒಂದೇ ಆಗುತ್ತಿದ್ದುದರಿಂದ, ಅದನ್ನು ಇಲ್ಲಿ ಹಂತ ಹಂತವಾಗಿ ಬರೆದಿಡುತ್ತಿದ್ದೇನೆ.

ಇದು ನನ್ನ ಸ್ವಂತ ವಿಧಾನವೇನೂ ಅಲ್ಲ. ಲತೀನ್ ಭಾಷೆಯಲ್ಲಿ ಇದನ್ನು ಲೆಕ್ತಿಯೋ ದಿವಿನಾ ಎನ್ನುತ್ತಾರೆ, ಎಂದರೆ ದೈವಿಕ ವಾಚನ. ಮಠವಾಸಿಗಳು ಬಹು ಹಿಂದಿನಿಂದ ಆಚರಿಸುತ್ತಿದ್ದ ಈ ಓದನ್ನು 12ನೆಯ ಶತಮಾನದಲ್ಲಿ ಎರಡನೆಯ ಗೀಗೋ ಎಂಬ ಕಾರ್ಥೂಸಿಯನ್ ಸನ್ಯಾಸಿ ಸಂಘದ ಮಠಾಧಿಪತಿ ನಾಲ್ಕು ಮೆಟ್ಟಿಲುಗಳ ಏಣಿಯಂತೆ ವಿವರಿಸಿದರು: ಓದು, ಮನನ, ಪ್ರಾರ್ಥನೆ, ಮೌನಧ್ಯಾನ. ಓದಿದ್ದನ್ನು ಮನನ ಮಾಡುವುದಕ್ಕೆ ಆ ಕಾಲದ ಸನ್ಯಾಸಿಗಳು ಬಳಸುತ್ತಿದ್ದ ಇನ್ನೊಂದು ಲತೀನ್ ಪದ ರುಮಿನಾತಿಯೋ, ಅಂದರೆ ದನ ಮೆಲುಕು ಹಾಕುವುದು. ಕನ್ನಡದಲ್ಲಿ ಈ ಮಾತು ನಮಗೆ ಬಳಕೆಯಲ್ಲೇ ಇದೆ. ಹಗಲು ಅವಸರದಲ್ಲಿ ಮೇದದ್ದನ್ನು ಹಸು ಕೊಟ್ಟಿಗೆಯಲ್ಲಿ ಕಣ್ಣು ಅರೆಮುಚ್ಚಿ ಮತ್ತೆ ಬಾಯಿಗೆ ತಂದುಕೊಂಡು ಅಗಿಯುವುದನ್ನು ನೋಡಿದವರಿಗೆ ಉಳಿದದ್ದನ್ನು ವಿವರಿಸುವುದು ಸುಲಭ. ಎದೆಗೆ ಇಳಿಯುತ್ತಿಲ್ಲ ಎನ್ನುವವರಲ್ಲಿ ಹೆಚ್ಚಿನವರು ಮೇಯುತ್ತಾರೆ, ಮೆಲುಕು ಹಾಕುವುದಿಲ್ಲ.

ಮೊದಲು ಬೇಕಾದದ್ದು

ಒಂದು ಬೈಬಲ್, ಒಂದು ನೋಟ್‌ಬುಕ್, ಒಂದು ಪೆನ್ಸಿಲ್, ಇಪ್ಪತ್ತು ನಿಮಿಷ. ಮೊಬೈಲಿನಲ್ಲಿ ಓದಬಾರದೇ ಎಂದು ಕೇಳುವವರಿಗೆ ನನ್ನ ಉತ್ತರ: ಬಸ್ಸಿನಲ್ಲಿ ಓದಿ, ಈ ಕೆಲಸಕ್ಕೆ ಬೇಡ. ವಾಕ್ಯದ ನಡುವೆ ಸಂದೇಶದ ಟಿಂಗ್ ಶಬ್ದ ಬಂದರೆ ಮೆಲುಕು ಅಲ್ಲಿಗೇ ಮುಗಿಯಿತು.

ಬೈಬಲ್ ಕೊಳ್ಳುವಾಗ ಕಥೋಲಿಕ ಆವೃತ್ತಿಯೇ ಎಂದು ಪರಿವಿಡಿಯನ್ನು ತೆರೆದು ನೋಡಿಕೊಳ್ಳಿ. ಹಳೆಯ ಒಡಂಬಡಿಕೆಯ 46, ಹೊಸ ಒಡಂಬಡಿಕೆಯ 27, ಒಟ್ಟು 73 ಗ್ರಂಥಗಳಿರಬೇಕು. ತೋಬಿತ, ಯೂದಿತ, ಸುಜ್ಞಾನಗ್ರಂಥ, ಸಿರಾಖ, ಬಾರೂಕ ಮತ್ತು ಮಕ್ಕಬಿಯರ ಎರಡು ಗ್ರಂಥಗಳು (ಹೆಸರಿನ ಕಾಗುಣಿತ ಆವೃತ್ತಿಯಿಂದ ಆವೃತ್ತಿಗೆ ಸ್ವಲ್ಪ ಬದಲಾಗುತ್ತದೆ) ಕಾಣದಿದ್ದರೆ ನಿಮ್ಮ ಕೈಯಲ್ಲಿರುವುದು 66 ಗ್ರಂಥಗಳ ಪ್ರೊಟೆಸ್ಟಂಟ್ ಆವೃತ್ತಿ. ಅದರಲ್ಲಿ ಓದುವುದು ತಪ್ಪಲ್ಲ, ಆದರೆ ಬಲಿಪೂಜೆಯ ಕೆಲವು ವಾಚನಗಳು ಅದರಲ್ಲಿ ಸಿಗುವುದಿಲ್ಲ. ನಮ್ಮ ಕನ್ನಡ ಅನುವಾದದಲ್ಲಿ "ಸರ್ವೇಶ್ವರ" ಎಂದಿರುವಲ್ಲಿ ಅದರಲ್ಲಿ "ಯೆಹೋವ" ಎಂದಿರುವುದರಿಂದ ಚರ್ಚಿನಲ್ಲಿ ಕೇಳಿದ ಮಾತು ಮನೆಯಲ್ಲಿ ಬೇರೆಯಾಗಿ ಕೇಳಿಸಬಹುದು.

1. ಭಾಗವನ್ನು ಹಿಂದಿನ ರಾತ್ರಿಯೇ ಗೊತ್ತುಮಾಡಿಕೊಳ್ಳಿ

ಬೆಳಿಗ್ಗೆ ಎದ್ದು "ಇವತ್ತು ಏನು ಓದಲಿ" ಎಂದು ಪುಟ ತಿರುವುತ್ತ ಕೂತರೆ ಅರ್ಧ ಸಮಯ ಅದಕ್ಕೇ ಹೋಗುತ್ತದೆ. ಎಲ್ಲಕ್ಕಿಂತ ಸುಲಭದ ದಾರಿಯೆಂದರೆ ಧರ್ಮಸಭೆ ಆ ದಿನದ ಬಲಿಪೂಜೆಗೆ ಗೊತ್ತುಪಡಿಸಿರುವ ಶುಭಸಂದೇಶವನ್ನೇ (ಯೇಸುವಿನ ಬದುಕು, ಬೋಧನೆಗಳನ್ನು ಹೇಳುವ ಮತ್ತಾಯ, ಮಾರ್ಕ, ಲೂಕ, ಯೊವಾನ್ನರ ಗ್ರಂಥಗಳ ಭಾಗವನ್ನು) ತೆಗೆದುಕೊಳ್ಳುವುದು. ಭಾನುವಾರದ ವಾಚನಗಳು ಮೂರು ವರ್ಷಗಳ ಚಕ್ರದಲ್ಲಿ ಸುತ್ತುತ್ತವೆ. ಇಸವಿಯನ್ನು ಮೂರರಿಂದ ಭಾಗಿಸಿ: ಶೇಷ 1 ಬಂದರೆ ಮತ್ತಾಯನ ವರ್ಷ, 2 ಬಂದರೆ ಮಾರ್ಕನ ವರ್ಷ, ಶೇಷವೇ ಉಳಿಯದಿದ್ದರೆ ಲೂಕನ ವರ್ಷ. 2026ಕ್ಕೆ ಶೇಷ 1, ಆದ್ದರಿಂದ ಅದು ಮತ್ತಾಯನದು. ಪೂಜಾವರ್ಷ ಜನವರಿಯಲ್ಲಿ ಆರಂಭವಾಗದೆ ಹಿಂದಿನ ವರ್ಷದ ಕ್ರಿಸ್ಮಸ್‌ಗೆ ಮುಂಚಿನ ಆಗಮನ ಕಾಲದಲ್ಲಿ, ಎಂದರೆ ನವೆಂಬರ್ ಕೊನೆಗೋ ಡಿಸೆಂಬರ್ ಮೊದಲಿಗೋ, ಆರಂಭವಾಗುತ್ತದೆ ಎಂಬುದನ್ನು ನೆನಪಿಡಿ. ಯೊವಾನ್ನನ ಶುಭಸಂದೇಶಕ್ಕೆ ಪ್ರತ್ಯೇಕ ವರ್ಷವಿಲ್ಲ. ಅದು ಮುಖ್ಯವಾಗಿ ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿಯೂ ಈಸ್ಟರ್‌ನಿಂದ ಆರಂಭವಾಗುವ ಪಾಸ್ಖ ಕಾಲದಲ್ಲಿಯೂ ಬರುತ್ತದೆ.

ಐದರಿಂದ ಹನ್ನೆರಡು ವಾಕ್ಯಗಳು ಸಾಕು. ಒಂದು ವರ್ಷದಲ್ಲಿ ಇಡೀ ಬೈಬಲ್ ಮುಗಿಸುವ ಪಟ್ಟಿಯನ್ನು ಹಿಡಿದು ನಾನೂ ಒಮ್ಮೆ ಹೊರಟಿದ್ದೆ; ಯಾಜಕಕಾಂಡದ ಬಲಿಯ ನಿಯಮಗಳ ನಡುವೆ ಎಲ್ಲೋ ಗಾಡಿ ಹೂತುಹೋಯಿತು. ಅಂಥ ಓದಿಗೆ ಅದರದೇ ಉಪಯೋಗವಿದೆ, ಆದರೆ ಅದು ಬೇರೆ ಕೆಲಸ.

ಇಲ್ಲಿ ಎಡವುವುದು ಹೆಚ್ಚಾಗಿ ಹೀಗೆ: ಕಣ್ಣು ಮುಚ್ಚಿ ಬೈಬಲ್ ತೆರೆದು ಬೆರಳಿಟ್ಟ ವಾಕ್ಯವನ್ನೇ ದೇವರ ಉತ್ತರ ಎಂದುಕೊಳ್ಳುವುದು. ಮದುವೆ, ಕೆಲಸ, ಆಸ್ಪತ್ರೆಯ ವಿಚಾರಗಳಲ್ಲಿ ಹೀಗೆ ಮಾಡುವವರು ನಮ್ಮಲ್ಲಿ ಬಹಳ. ಇದು ಶಕುನ ಕೇಳುವುದಕ್ಕೆ ತೀರಾ ಹತ್ತಿರದ್ದು. ದಯವಿಟ್ಟು ಬಿಟ್ಟುಬಿಡಿ.

2. ಕೂರಿ

ಒಂದೇ ಜಾಗ, ಒಂದೇ ಹೊತ್ತು. ಪವಿತ್ರ ಹೃದಯದ ಪಟದ ಮುಂದೆ ಚಾಪೆ ಹಾಸಿದರೂ ಆಯಿತು, ಅಡುಗೆಮನೆಯ ಸ್ಟೂಲ್ ಆದರೂ ಆಯಿತು. ನಗರದವರು ಅಶೋಕ ರಸ್ತೆಯ ಸಂತ ಫಿಲೋಮಿನಾ ಚರ್ಚಿನಲ್ಲಿ ಕೂರಬಯಸಿದರೆ ಪ್ರವಾಸಿಗರು ಬರುವ ಮೊದಲು, ಬೆಳಗಿನ ಪೂಜೆ ಮುಗಿದ ಮೇಲೆ ಕೂರುವುದು ಒಳ್ಳೆಯದು. ಶಿಲುಬೆಯ ಗುರುತು ಹಾಕಿ, "ಪವಿತ್ರಾತ್ಮರೇ, ನೀವೇ ಓದಿಸಿ" ಎಂದು ಒಂದು ಮಾತು ಹೇಳಿ. ಪ್ರಾರ್ಥನೆಯಿಲ್ಲದೆ ಪವಿತ್ರಗ್ರಂಥದ ವಾಚನ ಇರಬಾರದೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರ ನವೆಂಬರ್ 18ರಂದು ಹೊರತಂದ ದೇಯಿ ವೆರ್ಬುಮ್ ಎಂಬ ಶಾಸನ ಹೇಳುತ್ತದೆ.

3. ಮೂರು ಸಲ ಓದಿ

ಮೊದಲ ಸಲ ಮನಸ್ಸಿನಲ್ಲಿ, ಎರಡನೆಯ ಸಲ ಬಾಯಿಬಿಟ್ಟು, ಮೂರನೆಯ ಸಲ ಪೆನ್ಸಿಲ್ ಹಿಡಿದು. ಈ ಹಂತದಲ್ಲಿ "ಇದು ನನಗೆ ಏನು ಹೇಳುತ್ತದೆ" ಎಂದು ಕೇಳಬೇಡಿ. ಮಾತನಾಡುತ್ತಿರುವವರು ಯಾರು, ಯಾರೊಡನೆ, ಅದಕ್ಕೂ ಮುಂಚೆ ಏನಾಗಿತ್ತು ಎಂದು ಮಾತ್ರ ಕೇಳಿ. ದೇವರ ಪ್ರೀತಿಯ ವಾಕ್ಯಗಳನ್ನು ಓದುವವರಿಗೆ ಇದು ಎಲ್ಲಕ್ಕಿಂತ ಮುಖ್ಯ. ಆದರೂ ಎಲ್ಲರೂ ಹಾರಿಸುವುದು ಇದನ್ನೇ.

ಒಂದು ಉದಾಹರಣೆ ಕೊಡುತ್ತೇನೆ. ತಾಯಿ ತನ್ನ ಮೊಲೆಗೂಸನ್ನು ಮರೆತಾಳೇ, ಅವಳು ಮರೆತರೂ ನಾನು ನಿನ್ನನ್ನು ಮರೆಯುವುದಿಲ್ಲ ಎಂಬ ಅರ್ಥದ ಮಾತು ಯೆಶಾಯನ ಗ್ರಂಥದ 49ನೆಯ ಅಧ್ಯಾಯದ 15ನೆಯ ವಾಕ್ಯದಲ್ಲಿದೆ. ಕ್ಯಾಲೆಂಡರಿನಲ್ಲಿ, ವಾಟ್ಸಾಪಿನಲ್ಲಿ, ಗೋಡೆಯ ಪಟದಲ್ಲಿ ನೀವು ಇದನ್ನು ಎಷ್ಟೋ ಸಲ ಕಂಡಿದ್ದೀರಿ. ಆದರೆ 14ನೆಯ ವಾಕ್ಯ ಯಾವ ಪಟದಲ್ಲೂ ಇರುವುದಿಲ್ಲ. ಅಲ್ಲಿ ಸಿಯೋನ್ ನಗರಿ (ಎಂದರೆ ಜೆರುಸಲೇಮ್), ಸರ್ವೇಶ್ವರ ನನ್ನನ್ನು ಕೈಬಿಟ್ಟರು, ಮರೆತೇಬಿಟ್ಟರು ಎಂದು ದೂರುತ್ತದೆ. ಬಾಬಿಲೋನಿನ ಸೇನೆ ಜೆರುಸಲೇಮನ್ನು ಕೆಡವಿ, ಜನರನ್ನು ಸೆರೆಯೊಯ್ದ ಮೇಲಿನ ಮಾತು ಅದು. 16ನೆಯ ವಾಕ್ಯದಲ್ಲಿ "ನಿನ್ನ ಗೋಡೆಗಳು ನನ್ನ ಕಣ್ಣಮುಂದಿವೆ" ಎನ್ನುವಾಗ ಆ ಗೋಡೆಗಳು ಬಿದ್ದು ಹಾಳಾದ ಗೋಡೆಗಳು. ತಾಯಿಯ ಮಾತು ಬಂದದ್ದು ದೂರಿಗೆ ಉತ್ತರವಾಗಿ. ದೂರನ್ನು ಹಾರಿಸಿ ಉತ್ತರವನ್ನು ಮಾತ್ರ ಓದಿದವರಿಗೆ ಅದು ಎದೆಗೆ ಇಳಿಯದಿದ್ದರೆ ಆಶ್ಚರ್ಯವೇನು? ತಮ್ಮ ದೂರನ್ನು ಅವರು ಬಾಗಿಲ ಹೊರಗೇ ನಿಲ್ಲಿಸಿ ಬಂದಿರುತ್ತಾರೆ.

ಯೆರೆಮೀಯ 29:11 ಕೂಡ ಹೀಗೆಯೇ ಕಷ್ಟಕ್ಕೆ ಸಿಕ್ಕಿಕೊಂಡ ವಾಕ್ಯ. ನಿಮಗೆ ಒಳಿತಾಗುವ ಯೋಜನೆ ನನ್ನಲ್ಲಿದೆ ಎಂಬ ಅದರ ಮಾತನ್ನು ಪರೀಕ್ಷೆಯ ಹಿಂದಿನ ದಿನ ಮಕ್ಕಳಿಗೆ ಕಳಿಸುತ್ತೇವೆ. ಅದರ ಹಿಂದಿನ ವಾಕ್ಯದಲ್ಲಿ ಸೆರೆಯ ಅವಧಿ ಎಪ್ಪತ್ತು ವರ್ಷ ಎಂದಿದೆ. ಈ ವಾಕ್ಯಗಳು ಬಾಬಿಲೋನಿನ ಸೆರೆಯಲ್ಲಿದ್ದವರಿಗೆ ಯೆರೆಮೀಯ ಬರೆದ ಪತ್ರದವು; ಆ ಪತ್ರವನ್ನು ಓದಿಸಿಕೊಂಡ ಹಿರಿಯರಲ್ಲಿ ಹೆಚ್ಚಿನವರು ಊರಿಗೆ ಮರಳುವುದನ್ನು ಕಾಣದೆಯೇ ತೀರಿಕೊಂಡಿರಬೇಕು. ಅಷ್ಟು ದೂರದ ಒಳಿತನ್ನು ನಂಬಿ, ಪರದೇಶದಲ್ಲಿ ಮನೆ ಕಟ್ಟಿ, ತೋಟ ಮಾಡಿ ಎಂದು ಅದೇ ಪತ್ರ ಹೇಳುತ್ತದೆ. ಇದನ್ನು ತಿಳಿದು ಓದಿದರೆ ವಾಕ್ಯದ ತೂಕ ಹೆಚ್ಚುತ್ತದೆ.

4. ಒಂದು ಪದವನ್ನು ಹಿಡಿದು ಮೆಲುಕು ಹಾಕಿ

ಮೂರನೆಯ ಓದಿನಲ್ಲಿ ಯಾವುದೋ ಒಂದು ಪದ ಅಥವಾ ಚಿತ್ರ ನಿಮ್ಮನ್ನು ತಡೆದು ನಿಲ್ಲಿಸುತ್ತದೆ. ಸಿಟ್ಟು ಬರಿಸುವ ಪದವಾದರೂ ಸರಿಯೇ. ಅದರ ಕೆಳಗೆ ಗೆರೆ ಎಳೆದು ಪುಸ್ತಕವನ್ನು ಮಡಿಲಲ್ಲಿಟ್ಟುಕೊಳ್ಳಿ. ಆ ಪದವನ್ನು ನಿಮ್ಮ ಬದುಕಿನ ಪದಗಳ ಪಕ್ಕಕ್ಕೆ ತನ್ನಿ.

ಯೆಶಾಯನ ಅದೇ ಭಾಗವನ್ನು ನೋಡಿ. ಮಗುವಿನ ಮೇಲೆ ಕರುಣೆ ಎಂಬಲ್ಲಿ ಹೀಬ್ರೂ ಮೂಲದಲ್ಲಿರುವ ಪದಕ್ಕೆ ಗರ್ಭ ಎಂಬ ಅರ್ಥದ ಪದದೊಡನೆ ನಂಟಿದೆ. ಲೂಕನ ಶುಭಸಂದೇಶದ 15ನೆಯ ಅಧ್ಯಾಯದಲ್ಲಿ, ಮನೆಬಿಟ್ಟು ಹೋಗಿದ್ದ ಮಗ ದೂರದಲ್ಲಿ ಬರುತ್ತಿರುವುದನ್ನು ಕಂಡು ತಂದೆ ಕನಿಕರಪಟ್ಟು ಓಡಿದ ಎಂಬಲ್ಲಿಯ ಗ್ರೀಕ್ ಕ್ರಿಯಾಪದ ಹುಟ್ಟಿರುವುದು ಒಳಾಂಗಗಳನ್ನು, ಕರುಳನ್ನು ಹೇಳುವ ಪದದಿಂದ. ಕನಿಕರ ಎಂಬ ಮಾತು ನಿಮಗೆ ತಣ್ಣಗೆ ಕಂಡರೆ ಅಲ್ಲಿ ಕರುಳು ಎಂಬ ಪದವನ್ನಿಟ್ಟು ಓದಿ. ಹೆತ್ತ ಕರುಳು ಕೇಳಬೇಕಲ್ಲ, ಕರುಳು ಚುರುಕ್ಕೆಂದಿತು, ಎಷ್ಟಾದರೂ ಕರುಳಬಳ್ಳಿ ಎಂದು ನಮ್ಮ ಮನೆಗಳಲ್ಲಿ ದಿನವೂ ಆಡುವ ಮಾತು ಇದ್ದಕ್ಕಿದ್ದಂತೆ ದೇವರ ವಿಷಯದ ಮಾತಾಗುತ್ತದೆ.

ಅಂಗೈಯ ಮಾತನ್ನೂ ಹಾಗೆಯೇ ಹಿಡಿಯಬಹುದು. ನಿನ್ನನ್ನು ನನ್ನ ಅಂಗೈಗಳಲ್ಲಿ ಕೆತ್ತಿಕೊಂಡಿದ್ದೇನೆ ಎನ್ನುತ್ತದೆ ಯೆಶಾಯನ ಆ 16ನೆಯ ವಾಕ್ಯ. ಮೂಲದ ಕ್ರಿಯಾಪದಕ್ಕೆ ಕೊರೆ, ಕೆತ್ತು ಎಂದೇ ಅರ್ಥ. ಮಂಡ್ಯದ ಕಡೆಯ ಹಳ್ಳಿಗಳಲ್ಲಿ ವಯಸ್ಸಾದ ಅಜ್ಜಿಯರ ಮುಂಗೈ ಮೇಲೆ ಹಸಿರುಗಟ್ಟಿದ ಹಚ್ಚೆಯನ್ನು ಕಂಡಿದ್ದೀರಲ್ಲ? ಚರ್ಮ ಸುಕ್ಕಾದಂತೆ ಅಕ್ಷರದ ಅಂಚು ಹರಡಿ, ಓದಲು ಬಾರದಂತಾಗಿ, ಆದರೂ ಅಳಿಯದೆ ಉಳಿದಿರುತ್ತದೆ. ಸೂಜಿ ಚುಚ್ಚುವಾಗಿನ ನೋವು ಹಾಕಿಸಿಕೊಂಡವರದು, ಹೆಸರು ಇನ್ನೊಬ್ಬರದು. ಶಿಲುಬೆಯ ಮೇಲಿನ ಕೈಗಳಿಗೆ ಇಲ್ಲಿಂದ ಹೆಚ್ಚು ದೂರವಿಲ್ಲ. ಇಂಥ ಹೋಲಿಕೆ ತಾನಾಗಿ ಬಂದರೆ ಅದರ ಜೊತೆ ಐದು ನಿಮಿಷ ಇರಿ; ಬರದಿದ್ದರೆ ಎಳೆದು ತರಬೇಡಿ.

ಇನ್ನೊಂದು, ನನಗೆ ಬಹಳ ಇಷ್ಟವಾದದ್ದು. ಮತ್ತಾಯನಲ್ಲಿ (10:29) ಒಂದು ಕಾಸಿಗೆ ಎರಡು ಗುಬ್ಬಿ ಮಾರುತ್ತಾರೆ. ಲೂಕನಲ್ಲಿ (12:6) ಎರಡು ಕಾಸಿಗೆ ಐದು. ಲೆಕ್ಕ ಹಾಕಿ: ಎರಡು ಕಾಸಿಗೆ ನಾಲ್ಕೇ ಆಗಬೇಕಿತ್ತು, ಐದನೆಯದು ಕೊಸರು. ದೇವರಾಜ ಮಾರುಕಟ್ಟೆಯಲ್ಲಿ ಸೊಪ್ಪಿನವರು ಕಟ್ಟು ಕೊಟ್ಟ ಮೇಲೆ, ನೀವು ಕೇಳಿದ್ದಕ್ಕೆ ಚೀಲದೊಳಕ್ಕೆ ಎಸೆಯುವ ನಾಲ್ಕು ಕಡ್ಡಿ ಕೊತ್ತಂಬರಿಯ ಹಾಗೆ, ಬೆಲೆಯೇ ಇಲ್ಲದ ಗುಬ್ಬಿ ಅದು. ಅವುಗಳಲ್ಲಿ ಒಂದನ್ನೂ ದೇವರು ಮರೆತಿಲ್ಲ ಎನ್ನುತ್ತಾರೆ ಯೇಸುಸ್ವಾಮಿ. ಮನೆಯಲ್ಲಾಗಲಿ ಕೆಲಸದಲ್ಲಾಗಲಿ ನಾನೊಬ್ಬ ಕೊಸರು ಎಂದುಕೊಂಡಿರುವವರು ಈ ಒಂದು ವಾಕ್ಯದಲ್ಲಿ ಒಂದು ವಾರ ಇರಬಹುದು. ಆದರೆ ಮೂರನೆಯ ಹಂತವನ್ನು ಮರೆಯದಿರಿ: ಈ ಮಾತು ಬರುವುದು ದೇಹವನ್ನು ಕೊಲ್ಲುವವರಿಗೆ ಅಂಜಬೇಡಿ ಎಂದು ಹೇಳುತ್ತಿರುವಾಗ. ಮತ್ತಾಯನಲ್ಲಂತೂ ಗುಬ್ಬಿ ನೆಲಕ್ಕೆ ಬೀಳುತ್ತದೆ. ತಂದೆಗೆ ತಿಳಿಯದೆ ಬೀಳುವುದಿಲ್ಲ, ಅಷ್ಟೆ. ಬೀಳುವುದೇ ಇಲ್ಲ ಎಂಬ ಭರವಸೆಯನ್ನು ಪವಿತ್ರಗ್ರಂಥ ಎಲ್ಲಿಯೂ ಕೊಟ್ಟಿಲ್ಲ. ಕೊಟ್ಟಿದೆ ಎಂದು ಬೋಧಿಸುವವರ ಮಾತನ್ನು ಕೇಳಬೇಡಿ.

5. ಉತ್ತರ ಕೊಡಿ

ಇಷ್ಟು ಹೊತ್ತು ಕೇಳಿದಿರಿ, ಈಗ ಮಾತನಾಡಿ. ಅಚ್ಚಾದ ಪ್ರಾರ್ಥನೆ ಬೇಡ, ನಿಮ್ಮದೇ ಮಾತು ಬೇಕು. ದೂರು ಇದ್ದರೆ ಮೊದಲು ಅದನ್ನೇ ಹೇಳಿ. ಮಾರ್ಕನ ಶುಭಸಂದೇಶದ 4ನೆಯ ಅಧ್ಯಾಯದಲ್ಲಿ ಬಿರುಗಾಳಿಗೆ ದೋಣಿ ತುಂಬುತ್ತಿರುವಾಗ ಯೇಸು ಹಿಂಬದಿಯಲ್ಲಿ ದಿಂಬಿಗೆ ತಲೆಯಿಟ್ಟು ನಿದ್ರಿಸುತ್ತಿರುತ್ತಾರೆ. ಶಿಷ್ಯರು ಅವರನ್ನು ಎಬ್ಬಿಸಿ ಕೇಳುವುದು, ನಾವು ಸಾಯುತ್ತಿದ್ದರೂ ನಿಮಗೆ ಚಿಂತೆಯಿಲ್ಲವೇ ಎಂದು. ಮರ್ಯಾದೆಯ ಮಾತಲ್ಲ ಅದು. ಯೇಸು ಮೊದಲು ಗದರಿಸಿದ್ದು ಗಾಳಿಯನ್ನು; ಶಿಷ್ಯರಿಗೆ ನಂಬಿಕೆಯ ಮಾತನ್ನು ಕೇಳಿದ್ದು ಆಮೇಲೆ. ಆ ಕ್ರಮ ನನಗೆ ಸಮಾಧಾನ ಕೊಡುತ್ತದೆ.

ದೇವರನ್ನು "ನೀವು" ಎನ್ನಬೇಕೋ "ನೀನು" ಎನ್ನಬೇಕೋ ಎಂದು ಹಲವರು ಕೇಳಿದ್ದಾರೆ. ಸಭೆಯಾಗಿ ಕೂಡಿದಾಗ ಪೂಜಾಪುಸ್ತಕದ ಭಾಷೆಯಿರಲಿ. ಒಬ್ಬರೇ ಇರುವಾಗ ಅವ್ವನೊಡನೆ ಮಾತನಾಡುವ ಭಾಷೆ ಬಂದರೆ ತಡೆಯಬೇಡಿ.

ಹರಕೆಯ ಬಗ್ಗೆ ಒಂದು ಮಾತು. ದೋರನಹಳ್ಳಿಯ ಸಂತ ಅಂತೋಣಿಯವರಿಗೆ ಹರಕೆ ಹೊತ್ತು ಹೋಗುವ ನಮ್ಮ ಜನರ ಭಕ್ತಿಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಹರಕೆಗೆ ಬೈಬಲಿನಲ್ಲೇ ಆಧಾರವಿದೆ. ಆದರೆ ಈ ಹಂತದಲ್ಲಿ "ಇಷ್ಟು ಕೊಟ್ಟರೆ ಅಷ್ಟು ಮಾಡುತ್ತೇನೆ" ಎಂಬ ಲೇವಾದೇವಿ ಶುರುವಾದರೆ ಪ್ರೀತಿಯನ್ನು ನಂಬುವುದು ಕಷ್ಟವಾಗುತ್ತದೆ. ಬೆಲೆ ಕೊಟ್ಟು ತಂದದ್ದನ್ನು ಯಾರೂ ಉಡುಗೊರೆ ಎಂದು ನಂಬುವುದಿಲ್ಲ.

6. ಸುಮ್ಮನಿರಿ

ಕೊನೆಯ ಮೂರು ನಾಲ್ಕು ನಿಮಿಷ ಓದಬೇಡಿ, ಕೇಳಬೇಡಿ, ಯೋಚನೆಯನ್ನು ಬೆನ್ನಟ್ಟಬೇಡಿ. ಗೀಗೋ ಹೇಳಿದ ನಾಲ್ಕನೆಯ ಮೆಟ್ಟಿಲು ಇದು. ಕೀರ್ತನೆ 131 ಇದಕ್ಕೆ ಒಳ್ಳೆಯ ಚಿತ್ರವೊಂದನ್ನು ಕೊಡುತ್ತದೆ: ತಾಯಿಯ ಮಡಿಲಲ್ಲಿರುವ ಮೊಲೆಬಿಟ್ಟ ಮಗು. ಮೊಲೆಯುಣ್ಣುವ ಕೂಸು ತಾಯಿಯ ಹತ್ತಿರ ಬರುವುದು ಹಾಲಿಗಾಗಿ, ಸಿಗದಿದ್ದರೆ ರಚ್ಚೆ ಹಿಡಿಯುತ್ತದೆ. ಮೊಲೆಬಿಟ್ಟ ಮಗು ಬಂದು ಕೂರುವುದು ಅವಳಿಗಾಗಿ.

ಹೆಚ್ಚಿನ ದಿನ ಏನೂ ಅನ್ನಿಸುವುದಿಲ್ಲ. ಹೊರಗೆ ಹಾಲಿನವನ ಸೈಕಲ್ ಬೆಲ್, ಪಕ್ಕದ ಮನೆಯ ಕುಕ್ಕರಿನ ಸೀಟಿ, ಒಳಗೆ ಇಂದಿನ ಬಾಕಿ ಕೆಲಸಗಳ ಪಟ್ಟಿ. ಇದನ್ನು ಸೋಲೆಂದು ಎಣಿಸಬೇಡಿ. ಒಳಗೆ ಒಣಗಿದಂತಿರುವ, ದೇವರು ದೂರವಾದಂತೆ ಕಾಣುವ ಸ್ಥಿತಿಯನ್ನು ಯೇಸುಸಭೆಯನ್ನು ಸ್ಥಾಪಿಸಿದ ಸಂತ ಇಗ್ನಾಸಿಯವರು ಶುಷ್ಕತೆ ಎಂದು ಗುರುತಿಸಿ, ಆ ಹೊತ್ತಿನಲ್ಲಿ ಮೊದಲು ಮಾಡಿದ್ದ ಒಳ್ಳೆಯ ನಿರ್ಧಾರವನ್ನು ಬದಲಿಸಬಾರದೆಂಬ ನಿಯಮ ಕೊಟ್ಟಿದ್ದಾರೆ. ಇಪ್ಪತ್ತು ನಿಮಿಷ ಎಂದು ಗೊತ್ತುಮಾಡಿದ್ದರೆ ಒಣಗಿದ ದಿನವೂ ಇಪ್ಪತ್ತು ನಿಮಿಷ ಕೂರಿ.

7. ಒಂದು ಸಾಲು, ಒಂದು ಕೆಲಸ

ನೋಟ್‌ಬುಕ್ಕಿನಲ್ಲಿ ದಿನಾಂಕ, ಹಿಡಿದ ಪದ, ಒಂದು ಸಾಲು. ಪುಟಗಟ್ಟಲೆ ಬರೆದರೆ ಅದು ಪ್ರಬಂಧವಾಗುತ್ತದೆ. ಜೊತೆಗೆ ಅಂದು ಮಾಡಬಹುದಾದ ಸಣ್ಣ ಕೆಲಸ: ಮಾತು ಬಿಟ್ಟವರಿಗೆ ಒಂದು ಫೋನ್, ಹಾಸಿಗೆ ಹಿಡಿದ ನೆರೆಯವರ ಮನೆಗೆ ಒಂದು ಸುತ್ತು. ಓದು ಕಾರ್ಯದಲ್ಲಿ ಮುಗಿಯಬೇಕೆಂದು ಜಗದ್ಗುರು (ಪೋಪ್) ಹದಿನಾರನೆಯ ಬೆನೆಡಿಕ್ಟರು 2010ರ ವೆರ್ಬುಮ್ ದೋಮಿನಿ ಪತ್ರದಲ್ಲಿ ನೆನಪಿಸಿದ್ದಾರೆ.

ಯಾರು ಹೆಚ್ಚು ಜಾಗ್ರತೆಯಿಂದಿರಬೇಕು

ಮಾಡಿದ ಪಾಪನಿವೇದನೆ ಸರಿಯಾಯಿತೋ ಇಲ್ಲವೋ ಎಂದು ಸದಾ ಕೊರಗುವವರು, ಪ್ರತಿ ವಾಕ್ಯದಲ್ಲೂ ತಮ್ಮ ಮೇಲಿನ ತೀರ್ಪನ್ನೇ ಕೇಳುವವರು, ಈ ಓದನ್ನು ಒಬ್ಬರೇ ಮಾಡಬಾರದು. ಒಬ್ಬ ಗುರುಗಳನ್ನೋ ಅನುಭವಿ ಸಿಸ್ಟರ್ ಒಬ್ಬರನ್ನೋ ತಿಂಗಳಿಗೊಮ್ಮೆ ಕಂಡು ನೋಟ್‌ಬುಕ್ ತೋರಿಸಿ. ವಾಕ್ಯದ ಅರ್ಥದ ಬಗ್ಗೆ ಅನುಮಾನ ಬಂದಾಗಲೂ ಅವರನ್ನೇ ಕೇಳಿ; ಪವಿತ್ರಗ್ರಂಥವನ್ನು ಧರ್ಮಸಭೆಯೊಳಗೆ ನಿಂತು ಓದುವುದು ನಮ್ಮ ಕ್ರಮ.

ಮನೆಯಲ್ಲಿ ಸಾವಾಗಿದ್ದರೆ ಪ್ರೀತಿಯ ವಾಕ್ಯಗಳಿಂದ ಆರಂಭಿಸಬೇಡಿ. ಕೀರ್ತನೆ 88ರಿಂದ ಆರಂಭಿಸಿ. ಅದು ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ, ಕೊನೆಯಲ್ಲಿ ಸಾಂತ್ವನದ ಒಂದು ಸಾಲೂ ಇಲ್ಲ. ಆದರೂ ಅದು ಬೈಬಲಿನೊಳಗಿದೆ, ದೇವರನ್ನೇ ಕುರಿತು ಹಾಡಿದ್ದು. ವಾರಗಟ್ಟಲೆ ನಿದ್ರೆಯಿಲ್ಲದೆ, ಊಟ ಸೇರದೆ, ಬದುಕೇ ಬೇಡವೆನಿಸುತ್ತಿದ್ದರೆ ವೈದ್ಯರನ್ನು ಕಾಣಿ, ಮನೆಯವರಿಗೆ ಇವತ್ತೇ ಹೇಳಿ. ವೈದ್ಯರ ಬಳಿ ಹೋಗುವುದು ನಂಬಿಕೆಯ ಕೊರತೆಯಲ್ಲ. ಸಿರಾಖನ ಗ್ರಂಥದ 38ನೆಯ ಅಧ್ಯಾಯ ವೈದ್ಯರನ್ನು ಗೌರವಿಸಿ ಎಂದೇ ಆರಂಭವಾಗುತ್ತದೆ.

ಮೊದಲ ವಾರಕ್ಕೆ

ದಿನದ ಶುಭಸಂದೇಶದಿಂದ ಆರಂಭಿಸಲು ಅಂಜಿಕೆಯಾದರೆ ಮೊದಲ ವಾರ ಹೀಗೆ ಓದಿ. ಸೋಮವಾರ ಯೆಶಾಯ 49:14-16, ಮಂಗಳವಾರ ಹೋಶೇಯ 11:1-4, ಬುಧವಾರ ಕೀರ್ತನೆ 131, ಗುರುವಾರ ಲೂಕ 12:4-7, ಶುಕ್ರವಾರ ಮಾರ್ಕ 4:35-41, ಶನಿವಾರ ಲೂಕ 15:11-24. ಭಾನುವಾರ ಅಂದಿನ ಶುಭಸಂದೇಶವನ್ನು ಪೂಜೆಗೆ ಹೋಗುವ ಮೊದಲೇ ಓದಿಕೊಂಡು ಹೋಗಿ. ಗುರುಗಳ ಪ್ರಬೋಧನೆ ಬೇರೆಯೇ ಆಗಿ ಕೇಳಿಸುತ್ತದೆ. ಹೋಶೇಯನ ಭಾಗದಲ್ಲಿ ಮಗುವಿಗೆ ಕೈಹಿಡಿದು ನಡೆಯಲು ಕಲಿಸುವ ತಂದೆಯ ಚಿತ್ರವಿದೆ. ಆದರೆ ಅದೇ ಸಾಲುಗಳಲ್ಲಿ, ಕರೆದಷ್ಟೂ ಅವರು ದೂರ ಸರಿದರು ಎಂಬ ತಂದೆಯ ದೂರೂ ಇದೆ. ಅಲ್ಲಿ ದೂರುವವರು ದೇವರು.

ಎಂಟನೆಯ ದಿನ ಹೊಸ ಭಾಗಕ್ಕೆ ಹೋಗಬೇಡಿ. ನೋಟ್‌ಬುಕ್ ತೆರೆದು ಏಳು ಸಾಲುಗಳನ್ನು ಓದಿ, ಅವುಗಳಲ್ಲಿ ಯಾವುದು ಇನ್ನೂ ಬಾಯಲ್ಲಿ ಉಳಿದಿದೆಯೋ ಅದರ ಭಾಗಕ್ಕೇ ಮರಳಿ, ಅದನ್ನು ಮೊದಲಿನಿಂದ ಮೂರು ಸಲ ಓದಿ.